ತಾಟಿನ ಎಡಗಡೆ

ನಮ್ಮ ಮಾವನವರ ಹಣೆಯ ವಿಭೂತಿ ಈ ತುದಿಯಿಂದ ಆ ತುದಿಯವರೆಗೆ ಮೂರು ಪಟ್ಟೆಯಾಗಿ ನೆಟ್ಟಗೆ ಹೋಗುತ್ತಿತ್ತು. ಊಟದಲ್ಲೂ ಅಷ್ಟೇ ಅಚ್ಚುಕಟ್ಟು. ತಾಟಿನಲ್ಲಿ ಒಂದು ಅಗುಳು ಬಿಡುವವರಲ್ಲ. ಕೊನೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. "ಅನ್ನ ಬಿಟ್ಟಾಂವನ್ನ ಹಸಿವಿ ಹುಡಿಕ್ಕೊಂಡ ಬರತೈತಿ" ಎನ್ನುತ್ತಿದ್ದರು.

ಎಪ್ಪತ್ತರ ದಶಕ. ನಾನು ಮದುವೆಯಾಗಿ ಯರಗುಪ್ಪಿಗೆ ಬಂದ ಹೊಸತು. ಒಂದು ದಿನ ಮಾವನವರು ತಾಟಿನ ಬಲಗಡೆಯ ಪಲ್ಯವನ್ನಷ್ಟೇ ತಿಂದು, "ಚಟ್ನಿ ಹಾಕೇ ಇಲ್ಲಲ್ಲ" ಎಂದು ಎದ್ದುಬಿಟ್ಟರು. ಚಟ್ನಿ, ಉಪ್ಪಿನಕಾಯಿ ಪದ್ಧತಿಯಂತೆ ಎಡಗಡೆ ಇದ್ದವು. ಮರುದಿನವೂ ಅದೇ ಕಥೆ. ವಿಭೂತಿಯೂ ನಡುಹಣೆಗೇ ನಿಂತಿತ್ತು, ಅವಸರವಿರಬೇಕು ಎಂದುಕೊಂಡೆವು. ಕೈಕಾಲು ಗಟ್ಟಿ, ಮಾತು ಸ್ಪಷ್ಟ, ರೋಗದ ಯೋಚನೆ ಯಾರಿಗೆ ಬಂದೀತು? ಸೊಸೆಯ ಅಡಿಗೆ ಅವರಿಗೆ ಸೇರುತ್ತಿಲ್ಲ ಎಂದು ಅತ್ತೆ ತೀರ್ಮಾನಿಸಿದರು. ಮಾವನವರೋ ಓಣಿಯ ಕಟ್ಟೆಕಟ್ಟೆಗೆ ಹೋಗಿ, "ಸೊಸಿ ನನಗ ಚಟ್ನಿ ಹಾಕಂಗಿಲ್ಲ" ಎಂದು ಹೇಳಿ ಬಂದರು. ತವರಿಗೆ ಕಳಿಸಿಯೇ ಬಿಡುತ್ತಾರೆ ಎಂದು ಒಲೆಯ ಮುಂದೆ ಕಣ್ಣೀರು ಹಾಕಿದೆ.

ಒಂದು ಮಧ್ಯಾಹ್ನ ಮತ್ತೆ ಚಟ್ನಿಯ ತಕರಾರು ಬಂದಾಗ ಸಿಟ್ಟಿಗೆದ್ದು ತಾಟು ಎಳೆದೆ. ಅದು ತಂಬಿಗೆಗೆ ತಾಗಿ ಅರ್ಧ ತಿರುಗಿತು. ಎಡಗಡೆ ಇದ್ದದ್ದೆಲ್ಲ ಬಲಕ್ಕೆ ಬಂತು.

"ಈಗ ಹಾಕಿದೇನವಾ?" ಎಂದು ಮಾವನವರು ಸಮಾಧಾನದಿಂದ ಚಟ್ನಿಗೆ ರೊಟ್ಟಿ ಹಚ್ಚಿದರು. ಬಡಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

ಮರುದಿನವೇ ಕರೆದುಕೊಂಡು ಹೋಗಿ ತೋರಿಸಿದಾಗ ಹುಬ್ಬಳ್ಳಿಯ ಡಾಕ್ಟರು ಹೇಳಿದರು: "ಇದೂ ಲಕ್ವಾನರಿ. ಕೈಕಾಲಿಗೆ ಹೊಡದಿಲ್ಲ, ಎಡಗಡಿ ಲಕ್ಷ್ಯ ಇಡೋ ಮೆದುಳಿಗೆ ಹೊಡದೈತಿ. ಕಣ್ಣ ಛಲೋ ಅದಾವ. ಆದ್ರ ಎಡಗಡಿ ಅನ್ನೂದ ಒಂದೈತಿ ಅಂತನ ಅವರಿಗೆ ಹೊಳಿಯಂಗಿಲ್ಲ."

ಊರಿಗೆ ಬಂದವರೇ ಮಾವನವರು ಚಹಾ ಕುಡಿದು ತಲೆಗೆ ಪಟಗಾ ಸುತ್ತಿಕೊಂಡರು. "ನಡಿ ಯವ್ವಾ, ಹೋಗೂಣು. ನನ್ನ ಎಡಕ್ಕ ಬಾ, ಇಲ್ಲಾಂದ್ರ ಗ್ವಾಡಿಗೆ ಹಾಯತೀನಿ."

ಸೊಸೆ ಮಾವನ ಬಾಜು ನಡೆಯುವ ರೂಢಿ ನಮ್ಮಲ್ಲಿರಲಿಲ್ಲ. ಸೆರಗು ಎಳೆದುಕೊಂಡು ಹೆದರುತ್ತಲೇ ನಡೆದೆ. ನನ್ನ ದೂರು ಹೇಳಿದ್ದ ಒಂದೊಂದು ಕಟ್ಟೆಯ ಮುಂದೂ ನಿಂತು ಅವರು ಹೇಳಿದರು: "ಚಟ್ನಿ ಇತ್ತಪಾ. ನಾನ ಅಲ್ಲಿರಲಿಲ್ಲ."

ನನಗೆ ಹೋದ ಜೀವ ಬಂತು. ಅಂಥ ಮಾವ ಎಷ್ಟು ಮಂದಿಗೆ ಸಿಕ್ಕಾರು?

ಬರಬರುತ್ತ ಎಡಗಡೆ ಅವರಿಗೆ ಮುಕ್ಕಾಲುಪಾಲು ಮರಳಿತು. ಆದರೂ ಊಟದ ನಡುವೆ ತಾಟು ತಿರುಗಿಸುವ ಕೆಲಸ ನನಗೇ ಬಿಟ್ಟಿದ್ದರು. ಅತ್ತೆ ಚಟ್ನಿ ಬಡಿಸುವಾಗೆಲ್ಲ ನನ್ನ ಮುಖ ನೋಡಿ ನಗುತ್ತಿದ್ದರು. ನಮ್ಮ ಮನೆಯಲ್ಲಿ ಆ ವರ್ಷಗಳು ಸುಖದವು.

ಅವರು ತೀರಿಕೊಂಡಾಗ ಹಣೆತುಂಬ ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಕೂರಿಸಿದ್ದರು. ಹೆಂಗಸರೆಲ್ಲ ಆಚೆ ಬಾಗಿಲ ಬಳಿ ಕೂತಿದ್ದರು. ನಾನು ಅಲ್ಲಿಗೆ ಹೋಗದೆ ಮಾವನವರ ಎಡಗಡೆ ಹೋಗಿ ಕೂತೆ. ಯಾರೂ ಏಳು ಎನ್ನಲಿಲ್ಲ.