ಜಟ್ಟಿಂಗಪ್ಪನ ಚೀಲ, ಶೇಷಪ್ಪನ ಗಂಟು

ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸನಗರದಿಂದ ಹುಂಚದ ಕಡೆಗೆ ಹೋಗುವ ದಾರಿಯ ಮನೆಗಳಲ್ಲಿ, ಮುಂಬಾಗಿಲ ಪಕ್ಕದ ಗೋಡೆಯ ಮೇಲೆ, ಪೆನ್ಸಿಲಿನಲ್ಲಿ ಬರೆದ ತಾರೀಖುಗಳ ಸಾಲು ಇರುತ್ತಿತ್ತು. ಹದಿನೈದು ದಿನಕ್ಕೊಂದು ತಾರೀಖು, ಅದರ ಮುಂದೆ ‘ಜ’ ಎಂಬ ಒಂದೇ ಅಕ್ಷರದ ರುಜು. ಜ ಎಂದರೆ ಜಟ್ಟಿಂಗಪ್ಪ, ಮಲೇರಿಯಾ ಇಲಾಖೆಯ ನೌಕರ.

ಅವನು ಹುಟ್ಟಿದ್ದು ಸಾಗರ ತಾಲೂಕಿನಲ್ಲಿ. ಊರು ಶರಾವತಿಯ ಹಿನ್ನೀರಿಗೆ ಹೋದ ಮೇಲೆ ಅಪ್ಪ ಸಂಸಾರ ಕಟ್ಟಿಕೊಂಡು ಹೊಸನಗರದ ಕಡೆಗೆ ಬಂದ. ಮಗ ಎಸ್ಸೆಸ್ಸೆಲ್ಸಿಗೆ ಒಂದು ಸಲ ಕೂತು ನಪಾಸಾಗಿ, ೧೯೭೩ರಲ್ಲಿ ಈ ಕೆಲಸಕ್ಕೆ ಸೇರಿದ. ಕೆಲಸ ಇಷ್ಟು: ಮನೆಮನೆಗೆ ಸೈಕಲ್ ಮೇಲೆ ಹೋಗಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳುವುದು, ಬಂದಿದ್ದರೆ ಎಡಗೈಯ ಉಂಗುರದ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ಒಂದು ಹನಿ ರಕ್ತ ಒತ್ತಿಕೊಳ್ಳುವುದು, ಕಹಿ ಮಾತ್ರೆಗಳನ್ನು ತನ್ನೆದುರಿಗೇ ನುಂಗಿಸುವುದು, ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ಹೋಗುವುದು.

ಇಂಥವನ ಬೆಲ್ ಕೇಳಿದರೆ ಮಕ್ಕಳು ಅಟ್ಟ ಹತ್ತುತ್ತಿದ್ದವು. ದೊಡ್ಡವರು ಅಂಗಳದ ಆಚೆಯಿಂದಲೇ ಕೂಗುತ್ತಿದ್ದರು: “ಜ್ವರ ಯಾರಿಗೂ ಇಲ್ಲ. ಬರ್ಕಂಡು ಹೋಗು ಮಾರಾಯ.”

ಅದೇ ದಾರಿಯಲ್ಲಿ, ಅದೇ ಖಾಕಿಯಲ್ಲಿ, ಅಂಥದೇ ಕಪ್ಪು ಸೈಕಲ್ ಮೇಲೆ ಇನ್ನೊಬ್ಬ ಹೋಗುತ್ತಿದ್ದ. ಅವನು ಟಪಾಲಿನ ಶೇಷಪ್ಪ, ತೀರ್ಥಹಳ್ಳಿ ಕಡೆಯವನು, ಜಟ್ಟಿಂಗಪ್ಪನಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ಬೆಲ್ ಕೇಳಿದರೆ ಒಲೆ ಮೇಲಿನದನ್ನು ಬಿಟ್ಟು ಹೆಂಗಸರು ಓಡಿಬರುತ್ತಿದ್ದರು. ಓದಲು ಬಾರದವರಿಗೆ ಕಾಗದ ಓದಿಹೇಳುತ್ತಿದ್ದ. ಕೆಟ್ಟ ಸುದ್ದಿಯಿದ್ದರೆ ಮೊದಲು ಕುಡಿಯಲು ನೀರು ಕೇಳಿ, ಕೂತು, ಆಮೇಲೆ ಓದುತ್ತಿದ್ದ. ಎಲ್ಲ ಮನೆಯಲ್ಲೂ ಅವನಿಗೆ ಮಜ್ಜಿಗೆ.

ಜಟ್ಟಿಂಗಪ್ಪ ಅದೇ ಮನೆ ಮುಟ್ಟುವುದು ಅರ್ಧ ಗಂಟೆ ತಡವಾಗಿ. ಜಗಲಿಯ ಮೇಲೆ ಶೇಷಪ್ಪ ಕುಡಿದಿಟ್ಟ ಲೋಟ ಇರುತ್ತಿತ್ತು. ತಳದಲ್ಲಿ ಒಂದೆರಡು ಕರಿಬೇವಿನ ಎಲೆ, ಸುತ್ತ ಒದ್ದೆ ಗುರುತು. ಎಂಟು ವರ್ಷ ಆ ಖಾಲಿ ಲೋಟದ ಪಕ್ಕ ನಿಂತು ಅವನು ಗೋಡೆಯ ಮೇಲೆ ತಾರೀಖು ಬರೆದ.

“ಒಂದು ಮನೆಯೋರಾದ್ರೂ, ಒಂದ್ಸಲ ಆದ್ರೂ, ನನ್ ಬೆಲ್ ಕೇಳಿ ದಣಪೆ ತೆಗೀಲಿ ನೋಡಾಣ,” ಎಂದು ಮನೆಯಲ್ಲಿ ಹೇಳುತ್ತಿದ್ದ. ದಣಪೆ ಎಂದರೆ ಅಂಗಳದ ಬಾಯಿಗೆ ಅಡ್ಡ ಹಾಕುವ ಗಳಗಳು. ಬೇಕಾದವರು ಬಂದರೆ ಸರಿಸುತ್ತಾರೆ.

ಹೆಂಡತಿ ಸರೋಜ ನಗುತ್ತಿದ್ದಳು. “ಸೂಜಿ ಹಿಡ್ಕಂಡು ಹೋದೋನಿಗೆ ಹೋಳಿಗೆ ಕೊಡ್ತಾರಾ? ಅಷ್ಟು ಹೊಟ್ಟೆಕಿಚ್ಚಿದ್ರೆ ನೀವೂ ಟಪಾಲಿಗೆ ಸೇರ್ಬೇಕಿತ್ತು.”

೧೯೮೧ರ ಜನವರಿಯಲ್ಲಿ ಸಾಗರದ ಯುವಕ ಸಂಘವೊಂದು ಸೈಕಲ್ ಜಾಥಾ ಹೊರಡಿಸಿತು. ತೀರ್ಥಹಳ್ಳಿಯಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಊಟದ ಮನೆ ತೆರೆಯುವುದಿತ್ತು. ಅದಕ್ಕೆ ಅಕ್ಕಿ ಬೇಕಿತ್ತು. ಸಾಗರದಿಂದ ಹೊರಟು, ಹೊಸನಗರದಲ್ಲಿ ತಂಗಿ, ಮಾರನೇ ದಿನ ಹುಂಚದ ಮೇಲೆ ತೀರ್ಥಹಳ್ಳಿ. ಎರಡು ದಿನ, ಒಳದಾರಿಯ ಹಳ್ಳಿಗಳೂ ಸೇರಿ ನೂರು ಕಿಲೋಮೀಟರಿಗೆ ಹತ್ತಿರ. ಸವಾರ ಮನೆಯ ಮುಂದೆ ಬೆಲ್ ಹೊಡೆದು ನಿಲ್ಲಬೇಕು, ಮನೆಯವರು ತಮಗೆ ಬೇಕಾದ ಒಬ್ಬ ಸವಾರನ ಚೀಲಕ್ಕೆ ಒಂದು ಮುಷ್ಟಿ ಅಕ್ಕಿ ಹಾಕಬೇಕು. ಅಕ್ಕಿ ಸೈಕಲ್ ಮೇಲೇ ತೀರ್ಥಹಳ್ಳಿ ಮುಟ್ಟಬೇಕು. ಕೊನೆಗೆ ಚೀಲಗಳನ್ನು ತೂಗಿ, ಹೆಚ್ಚು ತಂದವನಿಗೆ ಸಭೆಯಲ್ಲಿ ಶಾಲು.

ಶೇಷಪ್ಪ ಹೆಸರು ಕೊಟ್ಟಿದ್ದಾನೆಂದು ತಿಳಿದ ದಿನವೇ ಜಟ್ಟಿಂಗಪ್ಪನೂ ಕೊಟ್ಟ.

ಹತ್ತೊಂಬತ್ತು ಸವಾರರು ಹೊರಟರು. ಮೊದಲ ದಿನ ಜಟ್ಟಿಂಗಪ್ಪನ ಪಾಲಿಗೆ ಬೇರೆಯದೇ ಲೋಕ. ಬಟ್ಟೆಮಲ್ಲಪ್ಪ ಎಂಬ ಊರಿನ ಆಚೀಚೆ ಅವನನ್ನು ಯಾರೂ ಅರಿಯರು. ಖಾಕಿ ಇಲ್ಲ, ಬಿಳಿ ಅಂಗಿ, ಎದೆಗೆ ಸಂಘದ ಬ್ಯಾಡ್ಜು. ಬೆಲ್ ಹೊಡೆದರೆ ಬಾಗಿಲು ತೆರೆಯಿತು. ಮಕ್ಕಳು ಹೊರಗೆ ಓಡಿಬಂದವು. ಒಬ್ಬಾಕೆ ಬೆಲ್ಲದ ಚೂರು ಕೊಟ್ಟು “ಬಿಸ್ಲಿಗೆ ಬಂದೀರಿ” ಎಂದಳು. ಆ ಸಂಜೆ ಹೊಸನಗರದ ಶಾಲೆಯಲ್ಲಿ ಅವನ ಚೀಲವೂ ಶೇಷಪ್ಪನ ಚೀಲವೂ ಗೋಡೆಗೊರಗಿ ನಿಂತಿದ್ದವು, ಹೆಚ್ಚುಕಡಿಮೆ ಒಂದೇ ಎತ್ತರ. ಜಟ್ಟಿಂಗಪ್ಪ ಎರಡು ಸಲ ಎದ್ದು ಹೋಗಿ ನೋಡಿ ಬಂದ.

ಎರಡನೇ ದಿನ ಇಬ್ಬರೂ ಕೆಲಸಕ್ಕೆ ತಿರುಗುವ ಹಳ್ಳಿಗಳು ಬಂದವು.

ಮೊದಲ ಮನೆಯಲ್ಲೇ ಬೆಲ್ ಕೇಳಿ ಮಕ್ಕಳು ಅಟ್ಟ ಸೇರಿದವು. ಬಿಳಿ ಅಂಗಿ ಯಾರ ಕಣ್ಣಿಗೂ ಬೀಳಲಿಲ್ಲ; ಬೆಲ್ ಅವರಿಗೆ ಗೊತ್ತಿತ್ತು. ಐದಾರು ಮನೆ ಕಳೆದು ವರದಮ್ಮನ ಮನೆ. ಎಪ್ಪತ್ತು ದಾಟಿದ ಮುದುಕಿ, ಮಗ ಸೊಸೆ ಗದ್ದೆಗೆ ಹೋಗಿದ್ದರು. ಬೆಲ್ ಕೇಳಿ ಆಕೆ ನಿಧಾನಕ್ಕೆ ಬಂದು, ದಣಪೆಯ ಗಳಗಳ ಸಂದಿಯಿಂದ ಎಡಗೈಯ ಉಂಗುರದ ಬೆರಳನ್ನು ಚಾಚಿ ಮುಖ ಆಚೆ ತಿರುಗಿಸಿದಳು.

“ಜ್ವರ ಇಲ್ಲಪ್ಪ. ಆದ್ರೂ ತಗಳದಾದ್ರೆ ಬೇಗ ತಗ.”

“ರಕ್ತ ಅಲ್ಲಮ್ಮ. ಇವತ್ತು ಅಕ್ಕಿ.”

“ಅಕ್ಕೀನಾ?” ಆಕೆ ಬೆರಳನ್ನು ಹಿಂದಕ್ಕೆಳೆದುಕೊಂಡಳು. “ಅಕ್ಕಿ ಶೇಷಪ್ಪಂಗೆ ಹಾಕ್ದೆನಲ್ಲ, ಈಗಷ್ಟೇ ಹೋದ. ಎರಡು ಮುಷ್ಟಿ ಹಾಕ್ದೆ. ನೀನೂ ಅಕ್ಕಿ ತಗಳ್ತೀಯ ಅಂತ ಯಾರಿಗೆ ಗೊತ್ತು?”

ಜಗಲಿಯ ಮೇಲೆ ಲೋಟ ಇತ್ತು. ಖಾಲಿ.

ಅಲ್ಲಿಂದ ಮುಂದೆ ಅವನು ಶೇಷಪ್ಪನ ಹಿಂದೆಯೇ ಉಳಿದ. ಮುಂದೆ ಹೋಗಲು ಕಾಲಿನಲ್ಲಿ ಶಕ್ತಿ ಇಲ್ಲದೆ ಅಲ್ಲ. ಆ ಚೀಲವನ್ನು ಕಣ್ಣಿಂದ ಬಿಡಲು ಆಗಲಿಲ್ಲ. ಪ್ರತಿ ಅಂಗಳದ ಮುಂದೆ ಅದು ಇನ್ನಷ್ಟು ಉಬ್ಬುತ್ತಿತ್ತು. ಶೇಷಪ್ಪ ಪ್ರತಿ ಸಲವೂ ಚೀಲದ ಬಾಯನ್ನು ಟಪಾಲು ಚೀಲಕ್ಕೆ ಕಟ್ಟುವ ಹಾಗೆಯೇ ಹುರಿಯಿಂದ ಕಟ್ಟುತ್ತಿದ್ದ: ಮೂರು ಸುತ್ತು, ತುದಿಯನ್ನು ಸುತ್ತಿನ ಅಡಿಗೆ ತೂರಿಸಿ ಒಂದು ಎಳೆತ. ಹಿಂತಿರುಗಿ ನೋಡಿ ಕೂಗುತ್ತಿದ್ದ: “ಜಟ್ಟೀ, ಬಾರಾ ಮಾರಾಯ! ಎಲ್ಲಾ ಮನೇಲೂ ರಕ್ತ ಹೀರ್ತಾ ಕೂತ್ರೆ ತೀರ್ಥಹಳ್ಳಿ ಮುಟ್ಟೋದು ಯಾವಾಗ?” ಜೊತೆಯವರು ನಗುತ್ತಿದ್ದರು. ಜಟ್ಟಿಂಗಪ್ಪನೂ ನಕ್ಕ ಹಾಗೆ ಮಾಡುತ್ತಿದ್ದ.

ಹುಂಚ ದಾಟಿ ನಾಲ್ಕು ಮೈಲಿಯ ಮೇಲೆ ಶೇಷಪ್ಪನ ಸೈಕಲ್ಲಿನ ಹಿಂದಿನ ಚಕ್ರ ಹೊಂಡಕ್ಕೆ ಬಿದ್ದು ಭಾರ ತಾಳದೆ ಹೋಯಿತು. ಕಡ್ಡಿಗಳು ಒಂದರ ಹಿಂದೊಂದು ಮುರಿದು, ರಿಮ್ಮು ಸೊಟ್ಟಗಾಯಿತು. ಉಳಿದವರೆಲ್ಲ ಮುಂದೆ ಹೋಗಿಯಾಗಿತ್ತು. ಹಿಂದೆ ಬರುತ್ತಿದ್ದ ಸಂಘದ ಜೀಪು ನಿಂತಿತು. ಅದರಲ್ಲಿದ್ದವರು ಮುಕುಂದಯ್ಯ, ಜಾಥಾದ ಮುಖ್ಯಸ್ಥರು.

“ನೀವು ಹತ್ತಿ, ಸೈಕಲ್ಲೂ ಹಾಕಿ. ಆದ್ರೆ ಅಕ್ಕಿ ಜೀಪಲ್ಲಿ ಬರಂಗಿಲ್ಲ ಶೇಷಪ್ಪ. ಕರಪತ್ರದಲ್ಲಿ ನಾವೇ ಅಚ್ಚು ಹಾಕ್ಸಿದೀವಿ.”

“ಜಟ್ಟಿ ಇದ್ದಾನಲ್ಲ, ಅವ್ನು ತರ್ತಾನೆ,” ಎಂದ ಶೇಷಪ್ಪ. ಕೇಳಲೂ ಇಲ್ಲ. ಚೀಲವನ್ನು ತಾನೇ ತಂದು ಜಟ್ಟಿಂಗಪ್ಪನ ಕ್ಯಾರಿಯರಿನ ಇನ್ನೊಂದು ಬದಿಗೆ ಕಟ್ಟಿದ. “ನಿಂಗೆ ಭಾರ ಆಗ್ತದೆ, ಬೇಜಾರ್ ಮಾಡ್ಕಬ್ಯಾಡ.”

ಜೀಪು ಹೋಯಿತು. ಮುಂದೆ ತೀರ್ಥಹಳ್ಳಿಗೆ ಮುಂಚಿನ ದೊಡ್ಡ ಏರು. ಸೈಕಲ್ ಎಡಕ್ಕೆ ವಾಲುತ್ತಿತ್ತು, ಶೇಷಪ್ಪನ ಚೀಲದ ಬದಿಗೆ. ತುಳಿಯಲು ಆಗದೆ ಇಳಿದು ತಳ್ಳಿದ. ತಳ್ಳಿದರೂ ಹ್ಯಾಂಡಲ್ ಎಡಕ್ಕೇ ಎಳೆಯುತ್ತಿತ್ತು. ಅರ್ಧ ಏರಿನಲ್ಲಿ ಒಂದು ಮತ್ತಿಮರದ ಬುಡಕ್ಕೆ ಸೈಕಲ್ ಒರಗಿಸಿ ನಿಂತ. ಎರಡೂ ಬದಿಯ ಭಾರ ಸಮ ಮಾಡದೆ ಮುಂದೆ ಹೋಗುವ ಹಾಗಿರಲಿಲ್ಲ. ಇದು ನಿಜವಾದ ಮಾತು, ವರ್ಷಗಳ ನಂತರ ಇದನ್ನೆಲ್ಲ ಹೇಳುವಾಗಲೂ ಅವನು ಇದನ್ನೇ ಮೊದಲು ಹೇಳುತ್ತಿದ್ದ: ಸೈಕಲ್ ವಾಲುತ್ತಿತ್ತು.

ಶೇಷಪ್ಪನ ಗಂಟು ಬಿಚ್ಚಿದ. ಅವನ ಚೀಲದಿಂದ ಬೊಗಸೆ ಬೊಗಸೆಯಾಗಿ ಅಕ್ಕಿ ತೆಗೆದು ತನ್ನ ಚೀಲಕ್ಕೆ ಹಾಕಿದ. ಕೆಂಪಕ್ಕಿ, ಬಿಳಿ ಅಕ್ಕಿ, ಕುಚ್ಚಲಕ್ಕಿ, ಎಲ್ಲ ಕಲಸಿಹೋಗಿತ್ತು. ಯಾವುದರ ಮೇಲೂ ಯಾರ ಹೆಸರೂ ಇರಲಿಲ್ಲ. ಕೈಯಿಂದ ಎತ್ತಿ ನೋಡಿದ. ಸಮವಾಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ವರದಮ್ಮನ ಎರಡು ಮುಷ್ಟಿ ಇದರಲ್ಲಿ ಎಲ್ಲೋ ಇದೆ ಎಂಬುದು ನೆನಪಾಯಿತು. ಇನ್ನೂ ಮೂರು ಬೊಗಸೆ ಹಾಕಿಕೊಂಡ.

ಗಂಟು ಮೊದಲಿನ ಹಾಗೆ ಬರಲಿಲ್ಲ. ನಾಲ್ಕು ಸಲ ಪ್ರಯತ್ನಿಸಿ, ಕೊನೆಗೆ ಕರುವಿಗೆ ಹಗ್ಗ ಕಟ್ಟುವ ಹಾಗೆ ಕಟ್ಟಿ ಹೊರಟ.

ಅವನು ತೀರ್ಥಹಳ್ಳಿ ಮುಟ್ಟಿದ್ದು ಎಲ್ಲರಿಗಿಂತ ಕೊನೆಗೆ, ಸಂಜೆ ಐದರ ಹೊತ್ತಿಗೆ. ಪೇಟೆಯಲ್ಲಿ ಜನ ಚಪ್ಪಾಳೆ ತಟ್ಟಿದರು. ಅವನ ಜೀವನದಲ್ಲಿ ಅದು ಮೊದಲ ಚಪ್ಪಾಳೆ. ಶಾಮಿಯಾನದಡಿ ತಕ್ಕಡಿ ತೂಗುಬಿಟ್ಟಿದ್ದರು. ಹದಿನೇಳು ಚೀಲ ತೂಗಿ ಇವನ ಎರಡಕ್ಕಾಗಿ ಕಾಯುತ್ತಿದ್ದರು. ಮುಕುಂದಯ್ಯ ತಾವೇ ತೂಕ ಕೂಗಿದರು.

“ಜಟ್ಟಿಂಗಪ್ಪ, ಹದಿಮೂರೂವರೆ ಕಿಲೋ.” ಇನ್ನೊಂದು ಚೀಲ ಏರಿತು. “ಶೇಷಪ್ಪ, ಹನ್ನೊಂದು.”

ಗುಂಪಿನಲ್ಲಿ ಶೇಷಪ್ಪನ ಊರಿನವನೊಬ್ಬ ಎದ್ದು ನಿಂತ. “ಇದೆಂತದು ಶೇಷಪ್ಪ? ಹುಂಚದಲ್ಲಿ ನಾನೇ ನೋಡಿದೀನಿ, ನಿನ್ ಚೀಲ ದಿನ ತುಂಬಿದ ಬಸುರಿ ಹಂಗಿತ್ತು!”

ಜಟ್ಟಿಂಗಪ್ಪನಿಗೆ ಹೇಳಲು ಸಮಯವಿತ್ತು. ಸೈಕಲ್ ವಾಲುತ್ತಿತ್ತು, ಭಾರ ಸಮ ಮಾಡಿದೆ, ಸ್ವಲ್ಪ ಹೆಚ್ಚಾಯಿತು ಎಂದರೆ ಮುಗಿಯುತ್ತಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅಕ್ಕಿ ಹೇಗಿದ್ದರೂ ಒಂದೇ ಪಾತ್ರೆಗೆ ಹೋಗುವಂಥದ್ದು. ಅವನು ಬಗ್ಗಿ ಕ್ಯಾರಿಯರಿನ ಹಗ್ಗ ಸುತ್ತತೊಡಗಿದ.

ಶೇಷಪ್ಪ ತಕ್ಕಡಿಯ ಹತ್ತಿರ ಬಂದು ತನ್ನ ಚೀಲ ಇಳಿಸಿಕೊಂಡ. ಗಂಟಿನ ಮೇಲೆ ಅವನ ಬೆರಳು ನಿಂತಿತು. ಹತ್ತು ವರ್ಷದಿಂದ ದಿನಕ್ಕೆರಡು ಸಲ ಚೀಲ ಕಟ್ಟಿ ಬಿಚ್ಚಿದ ಬೆರಳು. ಜಟ್ಟಿಂಗಪ್ಪನ ಕಡೆ ಒಂದು ಸಲ ನೋಡಿದ. ಆ ಗಂಟನ್ನು ಬಿಚ್ಚಿ, ಮೂರು ಸುತ್ತು ಸುತ್ತಿ, ತುದಿಯನ್ನು ಅಡಿಗೆ ತೂರಿಸಿ ಎಳೆದ.

“ನನ್ ಚೀಲದ ತುಂಬ ಗಾಳಿ ಇತ್ತು ಕಣಾ,” ಎಂದ, ಎದ್ದು ನಿಂತವನಿಗೆ. ಜನ ನಕ್ಕರು. ಆಮೇಲೆ ಮುಕುಂದಯ್ಯನವರ ಕಡೆ ತಿರುಗಿ, “ಎರಡು ಚೀಲ ಹೊತ್ತು ಆ ಏರು ಹತ್ತಿದೋನು ಅವ್ನು. ನಾನು ಜೀಪಲ್ಲಿ ಕೂತು ಬಂದೋನು. ಶಾಲು ಹಾಕಿ ಅವ್ನಿಗೆ,” ಎಂದ.

ಶಾಲು ಹಾಕಿದರು. ಹಾಕುವಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಶೇಷಪ್ಪ. ಜಟ್ಟಿಂಗಪ್ಪ ವೇದಿಕೆಯ ಮೇಲೆ ನಿಂತು ಕೆಳಗೆ ನೋಡಿದ. ಜನ ನೋಡುತ್ತಿದ್ದುದು ತನ್ನನ್ನಲ್ಲ, ಸೋತೂ ನಗುತ್ತಿದ್ದ ಶೇಷಪ್ಪನನ್ನು ಎಂದು ಅವನಿಗೆ ಅನಿಸಿತು. ಎಂಟು ವರ್ಷದಲ್ಲಿ ಅಷ್ಟು ಹೊಟ್ಟೆಕಿಚ್ಚು ಅವನಿಗೆ ಎಂದೂ ಆಗಿರಲಿಲ್ಲ.

ಮುಂದಿನ ಪಾಳಿಯಲ್ಲಿ ಖಾಕಿ ತೊಟ್ಟು ಅವನು ಮತ್ತೆ ಅದೇ ದಾರಿಗೆ ಹೋದ. ವರದಮ್ಮನ ಮನೆಯ ತಿರುವಿನಲ್ಲಿ ಅಭ್ಯಾಸದಂತೆ ಬೆಲ್ ಹೊಡೆದ. ಮನೆ ಮುಟ್ಟುವ ಹೊತ್ತಿಗೆ ದಣಪೆಯ ಗಳಗಳು ಸರಿದಿದ್ದವು. ಮುದುಕಿ ಅಂಗಳದಲ್ಲಿ ನಿಂತಿದ್ದಳು.

“ಬಾ, ಬಾ. ಶೇಷಪ್ಪ ಎಲ್ಲಾ ಹೇಳ್ದ.”

ಜಟ್ಟಿಂಗಪ್ಪ ಸೈಕಲ್ ಹಿಡಿದೇ ನಿಂತ. “ಎಂತ ಹೇಳ್ದ?”

“ಅವ್ನ ಚೀಲಾನೂ ನೀನೇ ಹೊತ್ತೆ, ಕಾಲು ಬೊಬ್ಬೆ ಬಂದ್ರೂ ಬಿಡ್ಲಿಲ್ಲ ಅಂತ. ಎಲ್ಲಾ ಮನೇಲೂ ಹೇಳ್ಕಂಡು ತಿರುಗ್ತಿದಾನೆ. ನೀನು ಇಂಥೋನು ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು.” ಆಕೆ ಒಳಗೆ ಹೋಗಿ ಲೋಟ ತಂದಳು. ತುಂಬಿದ ಲೋಟ, ಮೇಲೆ ಕರಿಬೇವು ತೇಲುತ್ತಿತ್ತು.

“ಶೇಷಪ್ಪಣ್ಣ ಕುಡಿದು ಹೋದ್ನಾ?”

“ಇಲ್ಲ. ಇವತ್ತು ಬ್ಯಾಡ ಅಂದ. ಜಟ್ಟಿ ಹಿಂದೆ ಬರ್ತಿದಾನೆ, ಅವ್ನಿಗೆ ಇಟ್ಟಿರಿ ಅಂದ.”

ಜಟ್ಟಿಂಗಪ್ಪ ನಿಂತಲ್ಲೇ ಕುಡಿದ. ಲೋಟ ಜಗಲಿಯ ಮೇಲಿಟ್ಟು, ಪೆನ್ಸಿಲ್ ತೆಗೆದು ಗೋಡೆಯ ಮೇಲೆ ತಾರೀಖು ಬರೆದು, ‘ಜ’ ಹಾಕಿದ. ಆ ದಿನ ಹನ್ನೊಂದು ಮನೆಗಳಲ್ಲಿ ದಣಪೆ ಸರಿದಿತ್ತು, ಹನ್ನೊಂದು ಮನೆಗಳಲ್ಲಿ ಮಜ್ಜಿಗೆ.

ಸಂಜೆ ಮನೆಗೆ ಬಂದು ಊಟ ಬೇಡ ಎಂದ. ಸುದ್ದಿ ಸರೋಜಳಿಗೆ ಆಗಲೇ ಮುಟ್ಟಿತ್ತು.

“ಅಂತೂ ದಣಪೆ ತೆಗುದ್ರಲ್ಲ. ಈಗಾದ್ರೂ ಸಮಾಧಾನ ಆಯ್ತಾ?”

ಜಟ್ಟಿಂಗಪ್ಪ ಜಗಲಿಯ ಮೇಲೆ ಕೂತು, ಒಂದು ತುಂಡು ಹುರಿಯನ್ನು ಚೀಲದ ಬಾಯಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ. ಮೂರು ಸುತ್ತು ಸರಿಯಾಗಿ ಬರುತ್ತಿತ್ತು. ತುದಿ ಮಾತ್ರ ಎಳೆದೊಡನೆ ಜಾರುತ್ತಿತ್ತು.

“ಎಂತದು ಸಮಾಧಾನ ಮಾರಾಯ್ತಿ,” ಎಂದ. “ಆ ಮಜ್ಜಿಗೇನೂ ಅವ್ನೇ ಬಟವಾಡೆ ಮಾಡಿದ್ದು.”