ಹೊಳೆಮಣ್ಣಿನ ಜೋಡೆತ್ತು

ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಮಣ್ಣು ಇಡುವ ಸೊಸೆ ಇಡೀ ದಾವಣಗೆರೆಗೆ ನಾನೊಬ್ಬಳೇ ಇರಬೇಕು. ಹರಿಹರದ ಬಳಿ ಹೊಳೆದಂಡೆಯಲ್ಲಿ ಒಂದರ ಕೆಳಗೊಂದರಂತೆ ಇಳಿಸಿ ತೆಗೆದ ಐದು ಪೈಪು ಮಣ್ಣು ಅದು. ಪದರ ಪದರವಾಗಿ ಕೂತ ಆ ಮಣ್ಣಿನಲ್ಲಿ ಆಯಾ ಕಾಲದ ಗಿಡಮರಗಳ ಪರಾಗ ಉಳಿದಿರುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಆಗ ಮಳೆ ಹೇಗಿತ್ತೆಂದು ಹೇಳುವುದು ನನ್ನ ಕೆಲಸ. ಐದನೆಯ ಪೈಪಿನ ತಳದ ಒಂದು ಗೇಣು ಹಿಮಯುಗ ಮುಗಿಯುವ ಹೊತ್ತಿನದೆಂದು ನಂಬಿದ್ದೆ. ನನ್ನ ಪಿಎಚ್‌ಡಿ ನಿಂತದ್ದೇ ಆ ಗೇಣಿನ ಮೇಲೆ. ಆಮೇಲೆ ಹೊಳೆ ತುಂಬಿ ದಂಡೆ ಮುಳುಗಿತು, ಮತ್ತೆ ತೆಗೆಯುವಂತಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ಮಧ್ಯಾಹ್ನ ಕಾಲೇಜಿನಿಂದ ಬಂದರೆ ದೇವರ ಜಗಲಿಯ ಮೇಲೆ ಜೋಡೆತ್ತು! ಕಣ್ಣಿಗೆ ಗುಲಗಂಜಿ, ಕೊಂಬಿಗೆ ಅರಿಶಿನ, ಮೈಯೆಲ್ಲ ನುಣುಪು. ಆ ನುಣುಪಿನ ಗುರುತು ನನಗಿತ್ತು.

“ಅತ್ತೆ, ಈ ಮಣ್ಣು ಎಲ್ಲಿದು?”

“ಈ ಎಸ್.ಎಸ್. ಬಡಾವಣ್ಯಾಗೆ ಬರೀ ಸಿಮೆಂಟು, ಹಿಡಿ ಮಣ್ಣು ಸಿಗಂಗಿಲ್ಲ. ಪ್ಯಾಟೆ ಎತ್ತು ನಮ್ಮ ಮಾಯಕೊಂಡದೋರಿಗೆ ಆಗಿಬರಲ್ಲ. ನಿನ್ನ ಐದನೇ ಪೈಪಿನ ತಳದಾಗೆ ಒಂದು ಗೇಣು ತಗಂಡೆ. ಬೆಣ್ಣೆ ಇದ್ದಂಗೈತೆ ನೋಡು!”

ಸಿಟ್ಟು ನೆತ್ತಿಗೇರಿತು. ಹಬ್ಬವೆಂದೂ ನೋಡದೆ ಕೂಗಾಡಿದೆ. ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಅತ್ತುಬಿಟ್ಟೆ. ಅತ್ತೆ ಮೆಲ್ಲಗೆ, “ಒಂದಕ್ಕೊಂದು ಕಲಸಿಲ್ಲವ್ವ. ಎಲ್ಡು ತುಂಡು ಮಾಡಿದ್ದೆ. ಕೆಳಗಿಂದು ಎಡಗಡೆ ಎತ್ತು, ಮ್ಯಾಲಿಂದು ಬಲಗಡೆ ಎತ್ತು,” ಎಂದರು.

ಅಂದರೆ ಒಳಪದರಗಳೆಲ್ಲ ಹೋಗಿದ್ದರೂ ಹಳೆಯದು ಯಾವುದು, ಆಮೇಲಿನದು ಯಾವುದು ಎಂಬುದು ಉಳಿದಿತ್ತು. ಆದರೆ ಪೂಜೆಯಾದ ಎತ್ತನ್ನು ಹೊಳೆಗೆ ಬಿಡಬೇಕು. ಕೂಗಾಡಿದ ಬಾಯಲ್ಲೇ ಅವನ್ನು ನನಗೆ ಕೊಡಿ ಎಂದು ಹೇಗೆ ಕೇಳಲಿ?

ಅತ್ತೆಯೇ ಎರಡನ್ನೂ ಎತ್ತಿ ನನ್ನ ಕೈಗಿಟ್ಟರು. “ಈ ವರ್ಷ ಹೊಳೆ ಬ್ಯಾಡ, ನಿನ್ನ ಮಿಷಿನ್ನಿಗೇ ಹೋಗ್ಲಿ. ಅಳಬ್ಯಾಡ, ಸುಮ್ನಿರು.”

ಈಗಿನ ಪರಾಗ ಅಂಟಿರಬಹುದಾದ ಹೊರಮೈ ಬಿಟ್ಟು ಹೊಟ್ಟೆಯ ನಡುವಿನ ಮಣ್ಣನ್ನಷ್ಟೇ ತೆಗೆದುಕೊಂಡೆ. ಮೂರು ವಾರ ಕಣ್ಣು ಕೀಲಿಸಿ ಎಣಿಸಿದೆ. ಎಣಿಕೆ ಮುಗಿದ ಸಂಜೆ ಸ್ಕೂಟರು ನಿಲ್ಲಿಸಿದವಳೇ ಅಡುಗೆಮನೆಗೆ ಓಡಿದೆ.

“ಅತ್ತೆ, ಎಡಗಡೆ ಎತ್ತಿನೊಳಗೆ ಬರೀ ಒಣನೆಲದ ಹುಲ್ಲಿನ ಪರಾಗ. ಬಲಗಡೆಯದರಲ್ಲಿ ನೀರಂಚಿನ ಜೊಂಡು ಐತೆ, ಮರಗಳೂ ಐದಾವೆ!”

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಹಂಗಾರೆ ಎಡಗಡೆದು ಒಣಹುಲ್ಲು ತಿಂದೈತೆ, ಬಲಗಡೆದು ಹಸಿ ಮೇವು ತಿಂದೈತೆ. ನಡುವೆ ಮಳೆ ಹಿಡೀತು ಅನ್ನು.”