ಹಡಗಿನಿಂದ ಬಂದ ಹೊಸ್ತಿಲು

ಗಂಗೊಳ್ಳಿಯ ಅಮ್ಮಮ್ಮನ ಮನೆಯ ಮುಂಬಾಗಿಲು ಅಟ್ಲಾಂಟಿಕ್ ದಾಟುತ್ತಿದ್ದ ಹಡಗಿನದ್ದಂತೆ. ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದ ಅಜ್ಜ, ಹಡಗು ಒಡೆಯುವವರ ಗುಜರಿಯಿಂದ ಹೊಸ್ತಿಲು ಸಮೇತ ತಂದರಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಈ 'ಅಂತೆ' ಕೇಳಿದರೆ ಮೈ ತುರಿಸುತ್ತದೆ. ಅಂಥ ಹಡಗುಗಳು ಓಡಾಡಿದ್ದು ಇಂಗ್ಲೆಂಡಿಗೂ ಅಮೆರಿಕಕ್ಕೂ ನಡುವೆ. ಮುಂಬೈಯಲ್ಲಿ ಅವಕ್ಕೇನು ಕೆಲಸ? ಪುರಾವೆ ಎಲ್ಲಿ?

ಕಳೆದ ವರ್ಷ ಮಾವ ಆ ಹೊಸ್ತಿಲು ಕೀಳಿಸಿ ಗ್ರಾನೈಟಿನದ್ದು ಹಾಕಿಸಲು ಹೊರಟರು. ಅಮ್ಮಮ್ಮ ಹೌಹಾರಿದರು. ಶ್ರಾವಣದ ಹೊತ್ತಿಗೆ ಬರುವ ಸೋಣೆ ತಿಂಗಳಿಡೀ ಹೊಸ್ತಿಲಿಗೆ ಬಿಳಿ ಶೇಡಿಮಣ್ಣಿನ ಗೆರೆ ಎಳೆದು, ಹೂವಿಟ್ಟು ಪೂಜಿಸುವುದು ನಮ್ಮ ಕಡೆಯ ಪದ್ಧತಿ. ಮದುವೆಯಾಗಿ ಬಂದಾಗಿನಿಂದ ಅವರು ಪೂಜಿಸಿದ್ದು ಇದನ್ನೇ.

"ಹಡಗಿಂದೇ ಅಂತ ತೋರ್ಸಿ, ಇಟ್ಕಂಬ. ಇಲ್ದಿರೆ ನಾಳೆ ಕಿತ್ತ್ ಹಾಕುದೇ," ಅಂದರು ಮಾವ.

ಅಮ್ಮಮ್ಮ ನನ್ನತ್ತ ತಿರುಗಿದರು. "ಹ್ವಾಯ್, ಊರೆಲ್ಲ ವಾದ ಮಾಡಿ ಕಪ್ ತಂದಿದ್ಯಲ್ದಾ? ನಂಗೊಂದ್ ವಾದ ಮಾಡ್ ಕಾಂಬ."

ಹೊಸ್ತಿಲಿಗೆ ಬಡಿದಿದ್ದ ಹಿತ್ತಾಳೆ ಪಟ್ಟಿಯ ಮೇಲೆ ಶೇಡಿ, ಅರಿಸಿನ ಗಟ್ಟಿಯಾಗಿ ಕೂತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ. ಇಂಗ್ಲಿಷ್ ಅಕ್ಷರಗಳು ಎದ್ದವು. ಮೊದಲ ಸಾಲು ಹಡಗಿನ ಹೆಸರು. ಮೊಬೈಲಿನಲ್ಲಿ ಹುಡುಕಿದರೆ ಹಡಗು ನಿಜಕ್ಕೂ ಇತ್ತು! ನಾಟ್ಯಶಾಲೆ, ಈಜುಕೊಳ, ಏನೆಲ್ಲ ದರ್ಬಾರು. ಯುದ್ಧ ಬಂದಾಗ ಬೂದು ಬಣ್ಣ ಬಳಿದು ಸೈನಿಕರನ್ನು ತುಂಬಿದರು. ವಿಮಾನ ಬಂದ ಮೇಲೆ ಹತ್ತುವವರಿಲ್ಲ. ಒಬ್ಬರಿಂದೊಬ್ಬರಿಗೆ ಮಾರಾಟವಾಗಿ, ಪ್ರವಾಸಿಗಳನ್ನು ಹೊತ್ತು ತಿರುಗಿ, ಕೊನೆಗೆ ಮುಂಬೈಯ ಗುಜರಿ.

ಅಜ್ಜನ ಮೇಲಿನ ನನ್ನ ಕೇಸು ಅಲ್ಲಿಗೆ ಬಿತ್ತು.

ಆದರೆ ಪಟ್ಟಿಯಲ್ಲಿ ಎರಡನೇ ಸಾಲೊಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಮ್ಮಮ್ಮ ಗೆದ್ದಾಗಿತ್ತು. ಅರ್ಧ ಪುರಾವೆ ಮುಚ್ಚಿಡುವವರನ್ನು ವೇದಿಕೆಯ ಮೇಲೆ ಹುರಿದು ಮುಕ್ಕಿದವಳು ನಾನು. ಓದಿಯೇ ಬಿಟ್ಟೆ: "ಎರಡನೇ ದರ್ಜೆ, ಹೆಂಗಸರ ಸ್ನಾನದ ಕೋಣೆ."

ಮಾವ ಹೊಟ್ಟೆ ಹಿಡಿದು ನಕ್ಕರು. "ಅಮ್ಮಾ, ಇಷ್ಟ್ ವರ್ಷ ಬಚ್ಚಲ್ ಬಾಗ್ಲಿಗೆ ಹೂಗ್ ಇಟ್ಟದ್ದಾ!"

ಅಮ್ಮಮ್ಮ ನನ್ನನ್ನೇ ಕೇಳಿದರು: "ಮೀವ ಕೋಣೆ ಮಾತ್ರವಾ? ಕಕ್ಕಸ್ ಅಲ್ಲ ಅಲ್ದಾ?"

"ಅಲ್ಲ."

"ಹಂಗಾರೆ ಎಂತ ನೆಗಾಡುದು? ಮಿಂದ್ ಮಡಿ ಆಯಿ ದಾಂಟಿ ಬಪ್ಪು ಹೊಸ್ಲ್ ಇದ್. ನಿನ್ನ ಗ್ರಾನೈಟ್ ಯಾರ್ ಮಿಂದ್ ದಾಂಟಿರ್?"

ಸ್ನಾನಕ್ಕೆಂದು ಒಳಗೆ ಹೋಗುವಾಗ ಆ ಹಡಗಿನ ಹೆಂಗಸರೆಲ್ಲ ಮೀಯದೆಯೇ ತಾನೆ ದಾಟಿದ್ದು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಸಂಜೆ ಮಾವ ಗ್ರಾನೈಟಿನವನಿಗೆ ಫೋನ್ ಮಾಡಿ, ಅಡಿಗೆಮನೆಯ ಕಟ್ಟೆಗೆ ಮಾತ್ರ ಸಾಕು ಅಂದರು.